ಕಾಡಿನವರು ಕೇಳುವ ಪ್ರಶ್ನೆ

(ಸುದ್ದಗುಂಟೆಪಾಳ್ಯದಲ್ಲಿ ನೀಡಿದ ದತ್ತಿ ಉಪನ್ಯಾಸದ ಲಿಖಿತ ರೂಪ)



 

ನಾವು ಕೂತಿರುವ ಈ ಸುದ್ದಗುಂಟೆಪಾಳ್ಯದ ಸುತ್ತ ಸಂಶೋಧನೆಗೆ ಬರವಿಲ್ಲ. ಕೂಗಳತೆಯಲ್ಲಿ ಕ್ರೈಸ್ಟ್ ವಿಶ್ವವಿದ್ಯಾಲಯ, ಡೇರಿ ಸರ್ಕಲ್ಲಿನ ಆಚೆ ನಿಮ್ಹಾನ್ಸ್, ಆಡುಗೋಡಿ ಕಡೆಗೆ ದನಕರುಗಳ ಮೇವು-ಪೋಷಣೆಯ ಸಂಶೋಧನೆ ಮಾಡುವ ರಾಷ್ಟ್ರೀಯ ಸಂಸ್ಥೆ, ಅಲ್ಲೇ ಹೈನುಗಾರಿಕೆ ಸಂಶೋಧನಾ ಸಂಸ್ಥೆಯ ದಕ್ಷಿಣ ಕೇಂದ್ರ. ಈ ಕೊನೆಯದು 1923ರಲ್ಲಿ ಬ್ರಿಟಿಷರ ಇಂಪೀರಿಯಲ್ ಸಂಸ್ಥೆಯಾಗಿ ಶುರುವಾದದ್ದು. 1927ರಲ್ಲಿ ಗಾಂಧೀಜಿ ಬೆಂಗಳೂರಿನಲ್ಲಿ ಆರೋಗ್ಯ ಸುಧಾರಿಸಿಕೊಳ್ಳುತ್ತಿದ್ದಾಗ ಅಲ್ಲಿಗೆ ಹೋಗಿ ಹಸು ಸಾಕುವ ವಿದ್ಯೆಯನ್ನು ವಿದ್ಯಾರ್ಥಿಯ ಹಾಗೆ ಕೂತು ಕಲಿತರು. ಸಂದರ್ಶಕರ ಪುಸ್ತಕದಲ್ಲಿ ತಮ್ಮನ್ನು ಸಬರಮತಿಯ ರೈತ ಎಂದು ಬರೆದುಕೊಂಡರಂತೆ. ರೈತ ಸಂಶೋಧನಾ ಸಂಸ್ಥೆಗೆ ಹೋಗಿ ಕಲಿಯುವುದು ನಮಗೆ ಒಗ್ಗಿದ ಚಿತ್ರ. ಕಾಡಿನ ಮನುಷ್ಯನೊಬ್ಬ ತಾನೇ ಪ್ರಶ್ನೆ ಎತ್ತಿ, ತಾನೇ ಅಳೆದು ಸುರಿದು, ತಾನೇ ಉತ್ತರ ಬರೆದ ಎಂದರೆ ಮಾತ್ರ ಹುಬ್ಬೇರಿಸುತ್ತೇವೆ. ಇವತ್ತಿನ ಮಾತು ಅದರ ಮೇಲೆ.

ವಿಷಯ ಕೇಳಿದ ಗೆಳೆಯರೊಬ್ಬರು, "ಅವರಿಗೆ ಮೊದಲು ರಸ್ತೆ, ರೇಷನ್ನು ಕೊಡ್ರಪ್ಪ, ಸಂಶೋಧನೆ ಆಮೇಲೆ ನೋಡೋಣ" ಅಂದರು. ಮೇಲ್ನೋಟಕ್ಕೆ ನ್ಯಾಯವಾದ ಮಾತೇ. ಆದರೆ ಕಾಡಿನವರ ಊರುಗಳಾದ ಪೋಡು, ಹಾಡಿಗಳಲ್ಲಿ ಯಾವ ಪೋಡಿಗೆ ರಸ್ತೆ, ಯಾವ ಹಾಡಿಗೆ ರೇಷನ್ನು, ಯಾರನ್ನು ಕಾಡಿನಿಂದ ಎಬ್ಬಿಸಬೇಕು ಎಂಬುದೆಲ್ಲ ತೀರ್ಮಾನವಾಗುವುದು ಯಾರೋ ಮಾಡಿದ ಸರ್ವೆ, ಯಾರೋ ಬರೆದ ವರದಿಯ ಮೇಲೆ. ಆ ವರದಿ ಬರೆಯುವ ಕೈ ಯಾರದು ಎಂಬುದು ರೇಷನ್ನಿನಷ್ಟೇ ಹೊಟ್ಟೆಪಾಡಿನ ಪ್ರಶ್ನೆ.

ಇಲ್ಲಿಂದ ಕನಕಪುರ, ಮಳವಳ್ಳಿ, ಕೊಳ್ಳೇಗಾಲ, ಯಳಂದೂರು ಹಿಡಿದು ಗುಂಬಳ್ಳಿ ಚೆಕ್‌ಪೋಸ್ಟ್ ದಾಟಿದರೆ ಬಿಳಿಗಿರಿರಂಗನ ಬೆಟ್ಟ. ಬೆಟ್ಟದ ರಂಗಸ್ವಾಮಿ ಅಲ್ಲಿನ ಕಾಡಿನ ಜನರಾದ ಸೋಲಿಗರ ಹುಡುಗಿ ಕುಸುಮಾಲೆಯನ್ನು ಮದುವೆಯಾದವನು. ಹಾಗಾಗಿ ಸೋಲಿಗರಿಗೆ ಅವನು ದೇವರಿಗಿಂತ ಮೊದಲು ಭಾವ. ದೇವರನ್ನೇ ನೆಂಟನನ್ನಾಗಿ ಮಾಡಿಕೊಂಡ ಈ ಜನರನ್ನು ನಾವು, ಅಂದರೆ ಓದಿದವರು, ಬಹಳ ಕಾಲ ಕಂಡದ್ದು ಅಧ್ಯಯನದ ವಸ್ತುವಾಗಿ. ಬಿಳಿಗಿರಿಯಷ್ಟು ಅಧ್ಯಯನಕ್ಕೆ ಒಳಗಾದ ಬೆಟ್ಟ ಕರ್ನಾಟಕದಲ್ಲಿ ಕಡಿಮೆ. ಗಿಡಮರ, ಹುಲಿ, ಆನೆ, ಜೇನು, ಭಾಷೆ, ಹಾಡು, ರಕ್ತ ಎಲ್ಲದರ ಮೇಲೂ ಪ್ರಬಂಧಗಳಿವೆ. ಸೋಲಿಗರ ನುಡಿಯಲ್ಲಿ ಅಡಗಿರುವ ಕಾಡಿನ ಅರಿವಿನ ಮೇಲೆ ಆಂಗ್ ಸಿ ಎಂಬ ಭಾಷಾವಿಜ್ಞಾನಿ 2016ರಲ್ಲಿ ಒಂದು ಗ್ರಂಥವನ್ನೇ ತಂದರು. 2022ರಲ್ಲಿ ಇಲ್ಲಿ ಸಿಕ್ಕ ಹೊಸ ಕಣಜದ ಕುಲಕ್ಕೆ ವಿಜ್ಞಾನಿಗಳು 'ಸೋಲಿಗ' ಎಂದೇ ಹೆಸರಿಟ್ಟರು. ಗೌರವದಿಂದ ಇಟ್ಟ ಹೆಸರು, ಸಂತೋಷ. ಆದರೂ ಪಿಎಚ್.ಡಿ. ಪ್ರಬಂಧಗಳನ್ನು ತೆರೆದಾಗ ಕೃತಜ್ಞತೆಯ ಪುಟವನ್ನೊಮ್ಮೆ ಓದಿ ನೋಡಿ. ಮಾರ್ಗದರ್ಶಕರಿಗೆ ಅರ್ಧ ಪುಟ, ಹಣ ಕೊಟ್ಟ ಸಂಸ್ಥೆಗೆ ಎರಡು ಸಾಲು, ಅರಣ್ಯ ಇಲಾಖೆಗೆ ಒಂದು ಸಾಲು, ಕೊನೆಗೆ ಊರು-ತಂದೆ ಹೆಸರಿಲ್ಲದ ನಾಲ್ಕಾರು ಬರಿಯ ಹೆಸರುಗಳು. ಆನೆಯ ವಾಸನೆ ಹಿಡಿದು ಸಂಶೋಧಕನ ಜೀವ ಉಳಿಸಿದವರು, ಮರದ ಹೆಸರು ಹೇಳಿದವರು, ಎರಡು ವರ್ಷ ಟೇಪು ಹಿಡಿದು ನಡೆದವರು ಅವರೇ. ನಮ್ಮ ಭಾಷೆಯಲ್ಲಿ ಅವರು ಫೀಲ್ಡ್ ಅಸಿಸ್ಟೆಂಟ್.

ಈ ಪಟ್ಟಿಯಿಂದ ಪ್ರಬಂಧದ ಮೊದಲ ಪುಟಕ್ಕೆ ಬರುವ ದಾರಿ ಎಷ್ಟು ಉದ್ದ ಎಂಬುದಕ್ಕೆ ಬಿಳಿಗಿರಿಯ ನಾಲ್ಕು ದಶಕಗಳೇ ಸಾಕ್ಷಿ. ಡಾ. ಎಚ್. ಸುದರ್ಶನ್ 1981ರಲ್ಲಿ ಅಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದರು. ಆಸ್ಪತ್ರೆ ಬಂತು, ಶಾಲೆ ಬಂತು. 1994ರಲ್ಲಿ ಅವರಿಗೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂದಾಗ ಪತ್ರಿಕೆಗಳೆಲ್ಲ ಕಾಡಿನ ವೈದ್ಯರ ಬಗ್ಗೆ ಬರೆದವು. ಅಷ್ಟು ಸುದ್ದಿಯಾಗದ ಸಂಗತಿ ಇನ್ನೊಂದಿದೆ: ಪೋಡಿನ ಮಕ್ಕಳಲ್ಲಿ ಓದಿದ ಮೊದಲ ತಲೆಮಾರೊಂದು ಅಲ್ಲಿ ತಯಾರಾಗುತ್ತಿತ್ತು. 1996ರಲ್ಲಿ ಬೆಂಗಳೂರಿನಲ್ಲಿ ಏಟ್ರಿ, ಅಂದರೆ ಅಶೋಕ ಪರಿಸರ ಸಂಶೋಧನಾ ಸಂಸ್ಥೆ, ಶುರುವಾದಾಗ ಬಿಳಿಗಿರಿ ಅದರ ಮುಖ್ಯ ಕ್ಷೇತ್ರವಾಯಿತು. ಕಾಡನ್ನು ಅಳೆಯುವ ವಿದ್ಯೆಯೂ ಓದು ಬಲ್ಲ ಸೋಲಿಗ ಹುಡುಗರೂ ಒಂದೆಡೆ ಸೇರಿದ್ದು ಹೀಗೆ.

ಮೊದಲು ಕೈಗೆ ಬಂದದ್ದು ನೆಲ್ಲಿಕಾಯಿ. ಕಾಡಿನ ಕಿರು ಉತ್ಪನ್ನಗಳನ್ನು ಸೋಲಿಗರು ಆಯ್ದು ಲ್ಯಾಂಪ್ಸ್ ಎಂಬ ಆದಿವಾಸಿ ಸಹಕಾರ ಸಂಘಕ್ಕೆ ಕೊಡುತ್ತಿದ್ದರು. ಅದರಲ್ಲಿ ನೆಲ್ಲಿ ಮುಖ್ಯವಾದ ಸರಕು. ಇವರು ಹೀಗೇ ಕೊಯ್ದರೆ ನೆಲ್ಲಿ ಉಳಿಯುತ್ತದೆಯೇ ಎಂಬುದು ಹೊರಗಿನವರ ಅನುಮಾನ. ಉತ್ತರ ಹುಡುಕಲು ಕೊಯ್ಯುವವರನ್ನೇ ಕೂಡಿಸಿಕೊಂಡು ಒಂದು ಲೆಕ್ಕದ ಕ್ರಮ ಹುಟ್ಟಿತು. ಕೊಯ್ಲಿಗೆ ಮುಂಚೆ ಗೊತ್ತುಮಾಡಿದ ದಾರಿಯಲ್ಲಿ ನಡೆಯಬೇಕು. ಸಿಕ್ಕ ನೆಲ್ಲಿ ಮರದ ಕೆಳಗೆ ನಿಂತು ಕಾಯಿ ಬಿಟ್ಟ ಕೊಂಬೆಗಳೆಷ್ಟು, ಒಂದು ಕೊಂಬೆಯಲ್ಲಿ ಕಾಯಿ ಎಷ್ಟು ಎಂದು ನೋಡಿ ಮರದ ಫಸಲನ್ನು ಅಂದಾಜು ಮಾಡಬೇಕು. ಕೊಯ್ಲಾದ ಮೇಲೆ ಅದೇ ದಾರಿಯಲ್ಲಿ ಮತ್ತೆ ನಡೆದು ಎಷ್ಟು ಕಾಯಿ ಉಳಿದಿದೆ, ಯಾರಾದರೂ ಅವಸರಕ್ಕೆ ಕೊಂಬೆ ಕಡಿದಿದ್ದಾರೆಯೇ, ಮರದಡಿ ಸಸಿ ಎದ್ದಿದೆಯೇ ಎಂದು ನೋಡಬೇಕು. ಆಮೇಲೆ ಎಲ್ಲರೂ ಕೂತು ಮಾತಾಡಬೇಕು. ಈ ಕೊನೆಯ ಹಂತವೇ ನನಗೆ ಮುಖ್ಯವಾಗಿ ಕಾಣುವುದು. ಅಂಕಿಗಳು ಬೆಂಗಳೂರಿನ ಕಂಪ್ಯೂಟರಿಗೆ ಹೋಗುವ ಮುಂಚೆ ಅವನ್ನು ತಂದವರ ಎದುರು ಇಟ್ಟರು. ಕೊಂಬೆ ಕಡಿದವನೂ ಅದೇ ಚಾಪೆಯ ಮೇಲೆ ಕೂತಿರುವಾಗ ಅಂಕಿಗೆ ಬೇರೆಯದೇ ತೂಕ ಬರುತ್ತದೆ. ಈ ಅನುಭವವನ್ನು ಒರೆಗೆ ಹಚ್ಚಿದ ಪ್ರಬಂಧ 2008ರಲ್ಲಿ ಅಂತಾರಾಷ್ಟ್ರೀಯ ಪತ್ರಿಕೆಯಲ್ಲಿ ಬಂತು.

ಅಷ್ಟರಲ್ಲಿ ಏನಾಯಿತು? ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರಲ್ಲಿ ತಂದ ತಿದ್ದುಪಡಿಯ ಬಲದ ಮೇಲೆ ಅಭಯಾರಣ್ಯದೊಳಗೆ ಮಾರಾಟಕ್ಕಾಗಿ ಕಿರು ಉತ್ಪನ್ನ ಆಯುವುದನ್ನು ನಿಲ್ಲಿಸಲಾಯಿತು. ವರ್ಷಗಟ್ಟಲೆ ಕಲೆಹಾಕಿದ ಅಂಕಿ ಏನು ಹೇಳುತ್ತದೆ ಎಂದು ಕೇಳುವ ಗೊಡವೆಗೆ ಆ ಆದೇಶ ಹೋಗಲಿಲ್ಲ. ಲೆಕ್ಕ ಹಾಕುವ ಕೌಶಲ ಸೋಲಿಗರಲ್ಲಿತ್ತು, ಆ ಲೆಕ್ಕವನ್ನು ತೀರ್ಮಾನವಾಗಿಸುವ ಅಧಿಕಾರ ಇರಲಿಲ್ಲ. ಆದಿವಾಸಿ ಯುವಜನರಿಗೆ ತರಬೇತಿ ಎಂದು ಮೂರು ದಿನದ ಶಿಬಿರ ನಡೆಸಿ, ಜಿಪಿಎಸ್ ಒತ್ತುವುದನ್ನು ಹೇಳಿಕೊಟ್ಟು, ಪ್ರಮಾಣಪತ್ರ ಹಂಚಿ, ಗುಂಪು ಫೋಟೋ ತೆಗೆಸಿಕೊಂಡು ಬರುವವರು ಈ ಪ್ರಸಂಗವನ್ನು ನೆನಪಿಡಬೇಕು.

ಸೋಲಿಗರು ಇದರಿಂದ ಕಲಿತರು. ಮುಂದಿನ ಕೆಲಸದಲ್ಲಿ ಪ್ರಶ್ನೆಯೇ ಅವರದಾಯಿತು. ಅರಣ್ಯ ಹಕ್ಕು ಕಾಯ್ದೆ 2006ರಲ್ಲಿ ಬಂದು 2008ರ ಆರಂಭದಿಂದ ಜಾರಿಯಾಯಿತು. ಕಾಡು ನಿಮ್ಮದೆಂದು ತೋರಿಸಿ ಎಂದಿತು ಕಾಯ್ದೆ. ಪತ್ರ ಎಲ್ಲಿಂದ ತರುವುದು? 1974ರಲ್ಲಿ ಅಭಯಾರಣ್ಯವಾದಾಗ ಒಳಗಿನ ಪೋಡುಗಳನ್ನು ಎಬ್ಬಿಸಿ ರಸ್ತೆಬದಿಗೆ ತಂದಿದ್ದರು. ಹಳೆಯ ವಾಸದ ಗುರುತು ಸರ್ಕಾರಿ ನಕ್ಷೆಯಲ್ಲಿ ಇರಲಿಲ್ಲ, ಹಿರಿಯರ ತಲೆಯಲ್ಲಿತ್ತು. ಸೋಲಿಗರ ಒಂದೊಂದು ಕುಲಕ್ಕೂ ಕಾಡಿನಲ್ಲಿ ತನ್ನದೇ ಎಲ್ಲೆಗಳಿವೆ. ಒಂದು ಎಲ್ಲೆ ಎಂದರೆ ಅದರಲ್ಲಿ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಇರಬೇಕು. ಕಲ್ಲುಗುಡಿ ತೀರಿಹೋದವರ ನೆನಪಿನ ಕಲ್ಲು ನಿಂತ ಜಾಗ, ಅಬ್ಬಿ ನೀರಿನ ಸೆಲೆ. ಹಿರಿಯರು ಮುಂದೆ, ಜಿಪಿಎಸ್ ಹಿಡಿದ ಹುಡುಗರು ಹಿಂದೆ, ಜೊತೆಗೆ ಏಟ್ರಿಯವರು ಹೀಗೆ ಕಾಡು ಸುತ್ತಿದರು. ಲಂಟಾನ ಕಳೆ ಮುಚ್ಚಿಹಾಕಿದ್ದ ದಾರಿಗಳನ್ನು ಕಡಿದು ತೆರೆದುಕೊಂಡು, ನಾನೂರಕ್ಕೂ ಹೆಚ್ಚು ಪವಿತ್ರ ತಾಣಗಳನ್ನು ಗುರುತು ಹಾಕಿದರು.

ಇದನ್ನು ಬರಿಯ ನಕ್ಷೆಯ ಕೆಲಸ ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ದಾಖಲೆ ಎಂದರೆ ಏನು ಎಂಬ ವ್ಯಾಖ್ಯೆಯನ್ನೇ ಅದು ಬದಲಿಸಿತು. ಎಲ್ಲೆ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರು ಎಂದು ತೀರ್ಮಾನಿಸಲು ಕುಲದ ಯಜಮಾನರು ಬೇಕು, ಆ ತೀರ್ಮಾನವನ್ನು ಅಕ್ಷಾಂಶ ರೇಖಾಂಶದಲ್ಲಿ ಹಿಡಿಯಲು ಮೊಮ್ಮಗ ಬೇಕು. ಶಾಲೆಗೆ ಹೋಗಿ ಕಾಡಿನಿಂದ ದೂರವಾಗಿದ್ದ ಹುಡುಗ ಅಜ್ಜನ ಬಾಯಿಂದ ತನ್ನ ಕುಲದ ಜಾಗದ ಹೆಸರನ್ನು ಮೊದಲ ಸಲ ಕೇಳಿದ್ದು ಯಂತ್ರ ಕೈಯಲ್ಲಿದ್ದುದರಿಂದ. ನಾಯಕತ್ವ ಶಿಬಿರಗಳಲ್ಲಿ ಭಾಷಣ ಮಾಡುವುದನ್ನು ಕಲಿಸುತ್ತಾರೆ. ಇಲ್ಲಿ ಹಿರಿಯರಿಗೂ ಕಿರಿಯರಿಗೂ ಪರಸ್ಪರರ ಅಗತ್ಯ ಬಿದ್ದಾಗ ನಾಯಕತ್ವ ತಾನಾಗಿ ಹುಟ್ಟಿತು.

2011ರ ಜನವರಿಯಲ್ಲಿ ಬಿಳಿಗಿರಿಯನ್ನು ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿಸಿದರು. ಮತ್ತೊಮ್ಮೆ ಎಬ್ಬಿಸುತ್ತಾರೆ ಎಂಬ ಭಯ ಪೋಡುಗಳಲ್ಲಿ ಹರಡಿತು. ಈ ಸಲ ಕೈಯಲ್ಲಿ ನಕ್ಷೆಯಿತ್ತು, ಗ್ರಾಮಸಭೆಗಳ ಅರ್ಜಿಗಳಿದ್ದವು, ಸೋಲಿಗ ಅಭಿವೃದ್ಧಿ ಸಂಘವಿತ್ತು. ಅದೇ ವರ್ಷ ಅಕ್ಟೋಬರ್ 2ರಂದು ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಈ ಹಕ್ಕು ದೊರೆತದ್ದು ದೇಶದಲ್ಲೇ ಅದು ಮೊದಲು. ಈ ಹೋರಾಟದಲ್ಲಿ ಮುಂದೆ ನಿಂತವರಲ್ಲಿ ಸಿ. ಮಾದೇಗೌಡರೊಬ್ಬರು. ಸೋಲಿಗ ಸಮುದಾಯದಿಂದ ಡಾಕ್ಟರೇಟ್ ಪಡೆದ ಮೊದಲಿಗರ ಸಾಲಿನವರು, ಏಟ್ರಿಯಲ್ಲಿ ಸಂಶೋಧಕರು. ತಮ್ಮ ಜನರ ಅರಿವು ಮತ್ತು ಕಾಡಿನ ರಕ್ಷಣೆಯ ಬಗ್ಗೆ 2009ರಲ್ಲೇ 'ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ'ಯಲ್ಲಿ ಬರೆದಿದ್ದರು. ಸಂಘದ ಸಭೆಯಲ್ಲಿ ಕೂತು ಅರ್ಜಿ ಬರೆದವರೂ ಪಂಡಿತರ ಪತ್ರಿಕೆಯಲ್ಲಿ ಲೇಖನ ಬರೆದವರೂ ಒಬ್ಬರೇ. ಸಂಶೋಧಕ ಬೇರೆ, ಮುಖಂಡ ಬೇರೆ ಎಂದು ನಾವು ನಗರದಲ್ಲಿ ಹಾಕಿಕೊಂಡಿರುವ ಗೋಡೆ ಅಲ್ಲಿ ನಿಲ್ಲುವುದಿಲ್ಲ. ನಿಷ್ಪಕ್ಷಪಾತದ ಗತಿಯೇನು ಎಂದು ಯಾರಾದರೂ ಕೇಳಬಹುದು. ನೆಲ ಕಳೆದುಕೊಳ್ಳುವ ಭಯ ಇಲ್ಲದವನು ಮಾಡಿದ ಸಂಶೋಧನೆಯೆಲ್ಲ ನಿಷ್ಪಕ್ಷಪಾತ ಎಂದು ಒಪ್ಪುವುದಾದರೆ ಮಾತ್ರ ಆ ಪ್ರಶ್ನೆಗೆ ಬೆಲೆ.

ಇನ್ನು ಬೆಂಕಿಯ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಕೇಳಿದ ಕೂಡಲೇ ಪರಿಸರಪ್ರಿಯರಿಗೆ ಸಿಟ್ಟು ಬರುತ್ತದೆ. ಚಳಿ ಮುಗಿಯುವ ಹೊತ್ತಿಗೆ, ಬಿಸಿಲು ಏರುವ ಮುಂಚೆ, ಸೋಲಿಗರು ನೆಲದ ಮೇಲಿನ ಒಣ ತರಗಿಗೆ ಬೆಂಕಿ ಹಾಕುತ್ತಿದ್ದರು. ಅದಕ್ಕೆ ತರಗು ಬೆಂಕಿ ಎನ್ನುತ್ತಾರೆ. ಮೊಣಕಾಲೆತ್ತರಕ್ಕೂ ಏಳದೆ ನೆಲ ನೆಕ್ಕಿಕೊಂಡು ಹೋಗುವ ಬೆಂಕಿ. ಮರಕ್ಕೆ ಹಾನಿಯಿಲ್ಲ, ಮಳೆ ಬಿದ್ದ ಮೇಲೆ ಹುಲ್ಲು ಚಿಗುರುತ್ತದೆ, ನೆಲ್ಲಿ ಮರವನ್ನು ಹೀರುವ ಬಂದಳಿಕೆ, ಅವರ ಮಾತಿನಲ್ಲಿ ಉಪ್ಪಿಲು, ಹತೋಟಿಯಲ್ಲಿರುತ್ತದೆ. ಅಭಯಾರಣ್ಯವಾದ ಮೇಲೆ ಬೆಂಕಿ ಅಪರಾಧವಾಯಿತು. ಅದು ನಿಂತದ್ದರಿಂದಲೇ ಲಂಟಾನ ಕಾಡು ನುಂಗಿತು ಎಂದು ಹಿರಿಯರು ಹೇಳುತ್ತಲೇ ಬಂದರು. ಬೆಂಕಿಯೇ ಲಂಟಾನಕ್ಕೆ ಹಾದಿ ಮಾಡಿಕೊಡುತ್ತದೆ ಎಂಬುದು ಎದುರು ವಾದ. ಅಂಕಿಗಳನ್ನು ನೋಡಿದರೆ, 1997ರಿಂದ 2008ರೊಳಗೆ ಬಿಳಿಗಿರಿಯಲ್ಲಿ ಲಂಟಾನ ಕಾಣುವ ಜಾಗ ಸರಿಸುಮಾರು ಇಮ್ಮಡಿಯಾಗಿತ್ತು. ಬೆಂಕಿಗೆ ನಿಷೇಧವಿದ್ದ ಕಾಲ ಅದು. ಭರತ್ ಸುಂದರಂ, ಅಂಕಿಲಾ ಹಿರೇಮಠರಂಥ ಪರಿಸರ ವಿಜ್ಞಾನಿಗಳು ಸೋಲಿಗರ ಮಾತನ್ನು ಒಂದು ಗಂಭೀರ ಊಹೆಯಾಗಿ ತೆಗೆದುಕೊಂಡು ಪರಿಶೀಲಿಸಿದರು.

ಇಲ್ಲಿ ನಾನು ಎಚ್ಚರಿಕೆಯಿಂದ ಮಾತಾಡಬೇಕು. ಹಿರಿಯರು ಹೇಳಿದ್ದೆಲ್ಲ ವೇದವಾಕ್ಯ ಎಂದು ಒಪ್ಪಿಬಿಡುವುದು ಅವರಿಗೆ ಮಾಡುವ ಇನ್ನೊಂದು ಬಗೆಯ ಅವಮಾನ. ಪರೀಕ್ಷೆಗೆ ಯೋಗ್ಯವಾದ ಮಾತನ್ನೇ ಪರೀಕ್ಷಿಸುತ್ತೇವೆ. ಲಂಟಾನ ಆಳೆತ್ತರ ಬೆಳೆದು ನಿಂತಿರುವ ಇಂದಿನ ಕಾಡಿನಲ್ಲಿ ಹಳೆಯ ತರಗು ಬೆಂಕಿಯನ್ನು ಹಾಗೇ ಹಾಕಿದರೆ ಅದು ನೆಲದ ಬೆಂಕಿಯಾಗಿ ಉಳಿಯದೆ ಮರದ ನೆತ್ತಿಗೆ ಹತ್ತುತ್ತದೆ. ಹಾಗಾದರೆ ಎಲ್ಲಿ ಹಾಕಬೇಕು, ಮೊದಲು ಎಷ್ಟು ಲಂಟಾನ ಕಡಿಯಬೇಕು, ಯಾವ ತಿಂಗಳು? ಇದು ಪ್ರಯೋಗ ಮಾಡಿಯೇ ತಿಳಿಯಬೇಕಾದ ಸಂಗತಿ. ಆ ಪ್ರಯೋಗವನ್ನು ರೂಪಿಸಲು ತರಗು ಬೆಂಕಿ ಕಂಡು ಬಲ್ಲವರಿಗಿಂತ ಯೋಗ್ಯರು ಯಾರು? ಅವರ ವಯಸ್ಸೂ ಏರುತ್ತಿದೆ.

ಹೊರಗಿನ ಪ್ರಪಂಚದ ಒಂದು ಪ್ರಸಂಗ ಹೇಳುತ್ತೇನೆ. ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್ ಕಣಿವೆಯಲ್ಲಿ ಹವಾಸುಪಾಯಿ ಎಂಬ ಸಣ್ಣ ಮೂಲನಿವಾಸಿ ಸಮುದಾಯವಿದೆ. ಅವರಲ್ಲಿ ಸಕ್ಕರೆ ಕಾಯಿಲೆ ವಿಪರೀತ. 1990ರಿಂದ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದವರು ಬಂದು ರಕ್ತ ತೆಗೆದುಕೊಂಡು ಹೋದರು. ಕಾಯಿಲೆಗೆ ಕಾರಣ ತಿಳಿಯಲಿ ಎಂದು ಜನ ಕೈ ಚಾಚಿದರು. ಆ ರಕ್ತ ಸ್ಕಿಜೋಫ್ರೇನಿಯಾ, ಒಳಸಂಬಂಧದ ಮದುವೆ, ಅವರ ಪೂರ್ವಜರು ಎಲ್ಲಿಂದ ವಲಸೆ ಬಂದರು ಎಂಬಂಥ ಬೇರೆ ಅಧ್ಯಯನಗಳಿಗೂ ಬಳಕೆಯಾಯಿತು. ಇದು ಬಯಲಾದದ್ದು ಹೇಗೆ? 2003ರಲ್ಲಿ ಅದೇ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಹವಾಸುಪಾಯಿ ಹೆಣ್ಣುಮಗಳು ಕಾರ್ಲೆಟ್ಟಾ ಟಿಲೌಸಿ ಒಂದು ಪಿಎಚ್.ಡಿ. ಪ್ರಬಂಧದ ಮಂಡನೆಗೆ ಹೋಗಿ ಕೂತಳು. ವಿಷಯ ಅವಳದೇ ಜನರ ಡಿಎನ್‌ಎ. ಮಂಡನೆ ಮುಗಿದ ಮೇಲೆ ಎದ್ದು, ಈ ಕೆಲಸಕ್ಕೆ ನಮ್ಮವರ ಅನುಮತಿ ಪಡೆದಿದ್ದೀರಾ ಎಂದು ಕೇಳಿದಳು. ಆ ಪ್ರಶ್ನೆ ನ್ಯಾಯಾಲಯದವರೆಗೆ ಹೋಗಿ, 2010ರಲ್ಲಿ ವಿಶ್ವವಿದ್ಯಾಲಯ ಏಳು ಲಕ್ಷ ಡಾಲರ್ ಕೊಟ್ಟು, ಉಳಿದ ರಕ್ತದ ಮಾದರಿಗಳನ್ನು ಹಿಂತಿರುಗಿಸಿ ರಾಜಿ ಮಾಡಿಕೊಂಡಿತು. ಸಮುದಾಯದೊಳಗೆ ಸಂಶೋಧನೆಯ ಭಾಷೆ ಬಲ್ಲವರು ಒಬ್ಬರಿದ್ದರೂ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ಗೊತ್ತಿಲ್ಲ. ದಕ್ಷಿಣ ಆಫ್ರಿಕಾದ ಸ್ಯಾನ್ ಜನ 2017ರಲ್ಲಿ ಒಂದು ಹೆಜ್ಜೆ ಮುಂದೆ ಹೋಗಿ, ನಮ್ಮಲ್ಲಿಗೆ ಬರುವ ಸಂಶೋಧಕರು ಹೀಗೆ ನಡೆದುಕೊಳ್ಳಬೇಕು ಎಂದು ತಾವೇ ಸಂಹಿತೆ ಬರೆದರು.

ಗ್ರ್ಯಾಂಡ್ ಕ್ಯಾನ್ಯನ್ನಿನ ಕತೆ ನಮಗೇಕೆ ಎನ್ನಬೇಡಿ. ಕುಡುಗೋಲು ಕಣ ರಕ್ತಹೀನತೆ, ಅಂದರೆ ಸಿಕಲ್ ಸೆಲ್, ನಮ್ಮ ಕಾಡಿನ ಸಮುದಾಯಗಳಲ್ಲೂ ಇದೆ. 2023ರ ಜುಲೈ 1ರಂದು ಕೇಂದ್ರ ಸರ್ಕಾರ ಅದರ ನಿರ್ಮೂಲನೆಗೆ ರಾಷ್ಟ್ರೀಯ ಕಾರ್ಯಕ್ರಮ ಶುರುಮಾಡಿತು. ಹಾಡಿ ಹಾಡಿಗೂ ಹೋಗಿ ರಕ್ತ ಪರೀಕ್ಷಿಸಿ ಕಾರ್ಡು ಕೊಡುತ್ತಾರೆ. ಒಳ್ಳೆಯ ಕೆಲಸ. ಆದರೆ ಕಾರ್ಡಿನಲ್ಲಿ ಬರೆದದ್ದರ ಅರ್ಥ ಹುಡುಗಿಯ ಮದುವೆಯ ಮಾತುಕತೆಯಲ್ಲಿ ಏನಾಗುತ್ತದೆ, ರಕ್ತದ ಮಾಹಿತಿ ಎಲ್ಲಿ ಇರುತ್ತದೆ ಎಂದು ಕೇಳುವವರು ಹಾಡಿಯೊಳಗೇ ಇರಬೇಕು. ಬುಡಕಟ್ಟು ಜನರ ಮೇಲಿನ ಅಧ್ಯಯನಕ್ಕೆ ವ್ಯಕ್ತಿಯ ಒಪ್ಪಿಗೆಯ ಜೊತೆಗೆ ಸಮುದಾಯದ ಹಿರಿಯರ ಅನುಮತಿಯೂ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಹೇಳುತ್ತದೆ. ಓದಿದವರು ಒಳಗಿಲ್ಲದಿದ್ದರೆ ಆ ಅನುಮತಿ ಹೆಬ್ಬೆಟ್ಟಿನಲ್ಲಿ ಮುಗಿಯುತ್ತದೆ. ನಮ್ಮ ದಕ್ಷಿಣ ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಪಬ್ಲಿಕ್ ಹೆಲ್ತ್ ಸಂಸ್ಥೆ ಬಿಳಿಗಿರಿಯಲ್ಲಿ ಕ್ಷೇತ್ರ ಕೇಂದ್ರ ಮಾಡಿಕೊಂಡು, ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ ಜೊತೆ ಬುಡಕಟ್ಟು ಆರೋಗ್ಯದ ಸಂಶೋಧನೆಗೆ, ಸ್ಥಳೀಯ ಯುವಜನರ ತರಬೇತಿಗೆ ಕೈಹಾಕಿದೆ. ಇಂಥದ್ದು ಬೆಳೆಯಬೇಕು.

ನಾಗರಹೊಳೆಯ ಕಡೆ ನೋಡಿದರೆ ಚಿತ್ರ ಇಷ್ಟು ಹಿತವಾಗಿಲ್ಲ. ಅಲ್ಲಿನ ಕಾಡಿನಿಂದ ಹೊರಬಿದ್ದ 3,418 ಆದಿವಾಸಿ ಕುಟುಂಬಗಳ ಪುನರ್ವಸತಿಯ ಬಗ್ಗೆ ಹೈಕೋರ್ಟ್ ನೇಮಿಸಿದ ಪ್ರೊ. ಮುಜಾಫರ್ ಅಸ್ಸಾದಿ ಸಮಿತಿ 2014ರಲ್ಲಿ ವರದಿ ಕೊಟ್ಟಿತು. ವರದಿ ಗಟ್ಟಿಯಾಗಿತ್ತು, ಜಾರಿ ಕುಂಟಿತು. ಅಸ್ಸಾದಿಯವರು 2025ರ ಜನವರಿಯಲ್ಲಿ ತೀರಿಕೊಂಡರು. ಅದೇ ವರ್ಷ ಮೇ ತಿಂಗಳಲ್ಲಿ ಐವತ್ತಕ್ಕೂ ಹೆಚ್ಚು ಜೇನುಕುರುಬ ಕುಟುಂಬಗಳು ಕರಡಿಕಲ್ಲು ಹಾಡಿಯ ಹಳೆಯ ನೆಲಕ್ಕೆ ಮರಳಿ ಗುಡಿಸಲು ಹಾಕಿದವು. ತಮ್ಮವರನ್ನು ಹೂಳಿದ ಜಾಗ, ದೇವರ ಜಾಗ ಇಲ್ಲೇ ಇದೆ ಎಂಬುದು ಅವರ ವಾದ. ಬಿಳಿಗಿರಿಯಲ್ಲಿ ಆದಂಥ ನಕ್ಷೆ ಮೂವತ್ತು ವರ್ಷದ ಹಿಂದೆ ನಾಗರಹೊಳೆಯಲ್ಲೂ ಆಗಿದ್ದರೆ ಇವತ್ತಿನ ಚರ್ಚೆ ಬೇರೆ ಇರುತ್ತಿತ್ತು ಎಂದು ನನ್ನ ನಂಬಿಕೆ.

ಹಾಗಾದರೆ ಅಡ್ಡಿ ಎಲ್ಲಿದೆ? ಮೊದಲನೆಯದು ಲೆಕ್ಕದ್ದು. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಪರಿಶಿಷ್ಟ ಪಂಗಡದವರು ಸುಮಾರು 42.5 ಲಕ್ಷ, ಪಟ್ಟಿಯಲ್ಲಿ 50 ಸಮುದಾಯಗಳು. ಆದರೆ ಮುಕ್ಕಾಲು ಪಾಲಿಗೂ ಮೀರಿ ನಾಯಕ ಸಮುದಾಯದವರೇ. ಅವರ ಹಕ್ಕನ್ನು ನಾನು ಪ್ರಶ್ನಿಸುತ್ತಿಲ್ಲ. ಸೋಲಿಗರು, ಜೇನುಕುರುಬರು ತಲಾ ಮೂವತ್ತೈದು ಸಾವಿರದ ಆಚೀಚೆ, ಕೊರಗರು ಅದಕ್ಕೂ ಕಡಿಮೆ. ಕೇಂದ್ರದ ಬುಡಕಟ್ಟು ಸಚಿವಾಲಯ ದೇಶಕ್ಕೆಲ್ಲ ಸೇರಿ ವರ್ಷಕ್ಕೆ 750 ಹೊಸ ಸಂಶೋಧನಾ ಫೆಲೋಶಿಪ್ ಕೊಡುತ್ತದೆ. ಪೋಡಿನಿಂದ ಹೊರಟ ಹುಡುಗಿ ಅಷ್ಟು ದೂರ ಬರುವ ಹೊತ್ತಿಗೆ ದಾರಿಯಲ್ಲಿ ಎಷ್ಟು ಜನ ಉದುರಿರುತ್ತಾರೆ ಎಂದು ಶಾಲೆಯ ಮೇಷ್ಟ್ರುಗಳನ್ನು ಕೇಳಬೇಕು. ಅರಣ್ಯ ಆಧಾರಿತ ಸಣ್ಣ ಸಮುದಾಯಗಳಿಗೆ ಒಳಮೀಸಲಾತಿ ಬೇಕೆಂಬ ಬೇಡಿಕೆ ಹಳೆಯದು, ಸಂಶೋಧನೆಯ ಮಟ್ಟಿಗಂತೂ ಅದು ಪೂರಾ ನ್ಯಾಯವಾದದ್ದು.

ಎರಡನೆಯದು ಪ್ರಾಜೆಕ್ಟಿನ ಸಂಬಳ. ಎರಡು ವರ್ಷ ಹಣ ಇದ್ದಾಗ ಸಂಶೋಧನಾ ಸಹಾಯಕ, ಹಣ ನಿಂತ ದಿನ ಕಾಫಿ ಎಸ್ಟೇಟಿನ ಕೂಲಿ. ಹೀಗೆ ಹೋಗಿ ಬಂದು ಮಾಡುತ್ತ ನಡುವಯಸ್ಸಿಗೆ ಬಂದವರ ಅನುಭವ ಯಾವ ಸಂಸ್ಥೆಯ ನೇಮಕಾತಿ ನಿಯಮದಲ್ಲೂ ಅರ್ಹತೆಯಾಗಿ ಎಣಿಕೆಯಾಗುವುದಿಲ್ಲ. ಇಪ್ಪತ್ತು ವರ್ಷ ಕಾಡಿನಲ್ಲಿ ದತ್ತಾಂಶ ಕಲೆಹಾಕಿದವರಿಗೆ ಸ್ನಾತಕೋತ್ತರ ಪದವಿ ಇಲ್ಲ ಎಂಬ ಕಾರಣಕ್ಕೆ ಪ್ರಬಂಧದಲ್ಲಿ ಸಹಲೇಖಕರಾಗುವ ಯೋಗ್ಯತೆ ಇಲ್ಲವೆಂದು ಹೇಳುವ ಬಾಯಿ ನಮಗೆ ಹೇಗೆ ಬರುತ್ತದೋ.

ಮತ್ತು ಇಂಗ್ಲಿಷ್. ಹಂಪಿಯ ಕನ್ನಡ ವಿಶ್ವವಿದ್ಯಾಲಯ 1991ರಲ್ಲಿ ಹುಟ್ಟಿ, ಬುಡಕಟ್ಟು ಅಧ್ಯಯನಕ್ಕೆಂದೇ ವಿಭಾಗ ಇಟ್ಟುಕೊಂಡು, ಕನ್ನಡದಲ್ಲಿ ಪಿಎಚ್.ಡಿ. ಬರೆಯಬಹುದೆಂದು ತೋರಿಸಿತು. ಆದರೆ ಅಲ್ಲಿಯೂ ಬಹುಕಾಲ ಬುಡಕಟ್ಟಿನ ಕಾವ್ಯ, ಹಬ್ಬ, ಕುಣಿತಗಳೇ ವಿಷಯ. ವಿಜ್ಞಾನ, ಆರೋಗ್ಯ, ಅರಣ್ಯ ನಿರ್ವಹಣೆಯ ಪ್ರಬಂಧವನ್ನು ಕನ್ನಡದಲ್ಲಿ ಒಪ್ಪಿಸಲು ದಾರಿಯಿಲ್ಲದಿದ್ದರೆ ಕನ್ನಡ ಮಾಧ್ಯಮದ ಸೋಲಿಗ ಹುಡುಗ ಕುಣಿತದ ಮೇಲಷ್ಟೇ ಬರೆಯಬೇಕಾಗುತ್ತದೆ. ಮೈಸೂರಿನಲ್ಲಿ ರಾಜ್ಯದ್ದೇ ಬುಡಕಟ್ಟು ಸಂಶೋಧನಾ ಸಂಸ್ಥೆ ಇದೆ. ಅಲ್ಲಿ ಕನಿಷ್ಠ ಅರ್ಧದಷ್ಟು ಅಧ್ಯಯನಗಳ ನೇತೃತ್ವ ಕಾಡಿನ ಸಮುದಾಯಗಳ ಯುವಜನರದಾಗಿರಬೇಕು ಎಂದು ನಿಯಮ ಮಾಡಲು ಹೊಸ ಕಾನೂನೇನೂ ಬೇಕಿಲ್ಲ, ಒಂದು ಸುತ್ತೋಲೆ ಸಾಕು.

ಹೆಂಗಸರ ಮಾತು ಹೇಳದೆ ಮುಗಿಸಲಾರೆ. ಕಾಡಿನ ಸೊಪ್ಪು, ಗೆಡ್ಡೆ, ಹೆರಿಗೆಯ ಮದ್ದು ಇವರ ಅರಿವು. ಯಜಮಾನ, ತಮ್ಮಡಿ (ಪೂಜಾರಿ) ಎಂಬ ಸ್ಥಾನಗಳು ಮಾತ್ರ ಗಂಡಸರವು. ಸಮುದಾಯದ ನಾಯಕತ್ವ ಎಂದಾಗ ಒಳಗಿನ ಈ ತಾರತಮ್ಯವನ್ನೂ ಒಳಗಿನವರೇ ಪ್ರಶ್ನಿಸಬೇಕು, ಪ್ರಶ್ನಿಸುತ್ತಲೂ ಇದ್ದಾರೆ. ಕರಾವಳಿಯಲ್ಲಿ, ಕೊರಗರನ್ನು ಕೀಳಾಗಿ ನಡೆಸಿಕೊಳ್ಳುತ್ತಿದ್ದ, 2000ರಲ್ಲಿ ಕಾಯ್ದೆಯಿಂದ ನಿಷೇಧವಾದ ಅಜಲು ಪದ್ಧತಿಯ ಅವಮಾನ ಕಂಡ ಕೊರಗ ಮನೆಗಳಿಂದ ಹೆಣ್ಣುಮಕ್ಕಳು ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುವ ಮಟ್ಟಕ್ಕೆ ಬಂದಿದ್ದಾರೆ.

ಕೊನೆಗೆ, ಈ ದತ್ತಿಯ ವ್ಯವಸ್ಥಾಪಕರಲ್ಲಿ ಒಂದು ಕೋರಿಕೆ. ಮುಂದಿನ ವರ್ಷದ ಉಪನ್ಯಾಸಕ್ಕೆ ಸೋಲಿಗ, ಜೇನುಕುರುಬ ಅಥವಾ ಕೊರಗ ಸಮುದಾಯದ ಸಂಶೋಧಕರೊಬ್ಬರನ್ನು ಕರೆಯಿರಿ. ಉದ್ಘಾಟನೆಗೆ ಮುಂಚೆ ಹಾಡಿಸಿ ಕುಣಿಸುವುದಕ್ಕಲ್ಲ, ನಾನು ನಿಂತ ಈ ಜಾಗದಲ್ಲಿ ನಿಂತು ಮಾತಾಡುವುದಕ್ಕೆ. ವಿಷಯ ಅವರೇ ಆರಿಸಿಕೊಳ್ಳಲಿ. ಕಾಡಿನ ಬಗ್ಗೆಯೇ ಮಾತಾಡಬೇಕೆಂಬ ಕಟ್ಟಳೆ ಬೇಡ, ಬೆಂಗಳೂರಿನ ಬಗ್ಗೆ ಅವರಿಗೆ ಏನನ್ನಿಸುತ್ತದೆ ಎಂಬುದೂ ನಾವು ಕೇಳಬೇಕಾದದ್ದೇ. ಗೌರವಧನ ನನಗೆ ಕೊಟ್ಟಷ್ಟೇ ಕೊಡಿ, ಪ್ರಯಾಣದ ಖರ್ಚು ಮುಂಗಡವಾಗಿ ಕಳಿಸಿ. ದಿನ ಗೊತ್ತುಮಾಡುವಾಗ ಜೇನಿನ ಕಾಲ ತಪ್ಪಿಸಿ. ಏಪ್ರಿಲ್‌ನಿಂದ ಜೂನ್‌ವರೆಗೆ ಅವರಿಗೆ ಬಿಡುವಿರುವುದಿಲ್ಲ.